ಚಿಕ್ಕ ಪ್ಯಾಚು, ಅರ್ಧ ಸಮರ್ಥನೆ

ಲಿನಕ್ಸ್ ಕರ್ನೆಲ್‌ನ ನೆಟ್‌ವರ್ಕ್ ಡ್ರೈವರ್‌ಗಳಿಗೆ ಬರುವ ಚಿಕ್ಕ ಪ್ಯಾಚುಗಳಿಗೆ ಸಾಧು ಎಂಬ ಹೆಸರಿದೆ. ಒಂದೆರಡು ಸಾಲು ತಾನೇ, ಕೋಡ್ ನೋಡಿದರೆ ತಿಳಿಯುತ್ತದೆ, ವಿವರಣೆ ಯಾಕೆ ಎನ್ನುವವರು ಬಹಳ. ಈ ಹೆಸರು ಯೋಗ್ಯತೆಗೆ ಮೀರಿದ್ದು.

2019ರ ಆರಂಭದಲ್ಲಿ ಹಲವು ಡ್ರೈವರ್‌ಗಳಿಗೆ ಒಂದೇ ಅಚ್ಚಿನ ಪ್ಯಾಚುಗಳು ಬಂದವು. ಕಳುಹಿಸಿ ಮುಗಿದ ಪ್ಯಾಕೆಟ್ಟಿನ ಬಫರ್ ಬಿಡುವ ಕಡೆ ‘ಡೆವ್_ಕೆಫ್ರೀ_ಎಸ್‌ಕೆಬಿ_ಐಆರ್‌ಕ್ಯೂ’ ಇತ್ತು; ಅದು ‘ಡೆವ್_ಕನ್ಸ್ಯೂಮ್_ಎಸ್‌ಕೆಬಿ_ಐಆರ್‌ಕ್ಯೂ’ ಆಯಿತು, ಅಷ್ಟೇ. ಎರಡರಲ್ಲೂ ಮೆಮೊರಿ ವಾಪಸಾಗುತ್ತದೆ. ಆದರೆ ಮೊದಲನೆಯದನ್ನು ಡ್ರಾಪ್‌ವಾಚ್, ಪರ್ಫ್‌ನಂಥ ಸಾಧನಗಳು ಪ್ಯಾಕೆಟ್ ನಷ್ಟವೆಂದು ಎಣಿಸುತ್ತವೆ. ಸರಿಯಾಗಿ ಹೊರಟ ಪ್ಯಾಕೆಟ್ಟೂ ನಷ್ಟದ ಖಾತೆಗೆ ಬಿದ್ದರೆ, ನಿಜವಾದ ನಷ್ಟ ಹುಡುಕುವವರು ದಾರಿ ತಪ್ಪುತ್ತಾರೆ. ಬದಲಾವಣೆ ಬೇಕಾದದ್ದೇ.

ಕೊರತೆ ಇರುವುದು ಸಮರ್ಥನೆಯಲ್ಲಿ. ನಷ್ಟದ ಚಿತ್ರ ಚೊಕ್ಕವಾಗುತ್ತದೆ ಎಂಬ ಒಂದೇ ಮಾತು ಡ್ರೈವರಿನಿಂದ ಡ್ರೈವರಿಗೆ ನಕಲಾಯಿತು. ಬಫರನ್ನು ಕಾರ್ಡಿಗೆ ಕಾಣಿಸುವ ಡಿಎಂಎ ಮ್ಯಾಪಿಂಗ್ ವಿಫಲವಾಗಿ ಪ್ಯಾಕೆಟ್ಟನ್ನು ನಿಜಕ್ಕೂ ಎಸೆಯುವ ಕಡೆ ನಷ್ಟವೆಂದು ಎಣಿಸುವ ಕರೆಯೇ ಇರಬೇಕು. ಅಲ್ಲೂ ಬದಲಿಸಿದರೆ ನಷ್ಟ ಮುಚ್ಚಿಹೋಗುತ್ತದೆ. ಈ ಡ್ರೈವರಿನಲ್ಲಿ, ಈ ಸಾಲಿಗೆ ಬರುವ ಹೊತ್ತಿಗೆ ಕಾರ್ಡು ಕೆಲಸ ಮುಗಿಸಿರುತ್ತದೆಯೇ? ಕಾರ್ಡಿಗೆ ಕೊಟ್ಟ ಪ್ಯಾಕೆಟ್ಟುಗಳ ಪಟ್ಟಿಯಾದ ರಿಂಗನ್ನು, ಅವು ಹೋಗುವ ಮೊದಲೇ ಖಾಲಿ ಮಾಡುವ ಹಾದಿಯೂ ಇಲ್ಲಿಗೇ ಬಂದು ಸೇರುತ್ತದೆಯೇ? ನಕಲಾದ ವಾಕ್ಯದಲ್ಲಿ ಇದಕ್ಕೆ ಉತ್ತರವಿಲ್ಲ.

ಚಿಕ್ಕ ಪ್ಯಾಚುಗಳ ಇನ್ನೊಂದು ಬಗೆಯಾದ, ಬೇರೆ ಕೆಲಸದ ಸಂಬಂಧವಿಲ್ಲದ ಬರೀ ಶುಚಿಗೊಳಿಸುವ ಪ್ಯಾಚುಗಳನ್ನು ನೆಟ್‌ವರ್ಕಿಂಗ್ ವಿಭಾಗದ ನಿಯಮಾವಳಿ ಪ್ರೋತ್ಸಾಹಿಸುವುದಿಲ್ಲ. ಕೋಡ್ ಶೈಲಿ ನೋಡುವ ಚೆಕ್‌ಪ್ಯಾಚ್ ಸಾಧನದ ಎಚ್ಚರಿಕೆಗಳು, ವೇರಿಯೇಬಲ್‌ಗಳ ಕ್ರಮ ಸರಿಪಡಿಸುವುದೆಲ್ಲ ಅದರಲ್ಲಿ ಸೇರಿದೆ. ಕಾಗುಣಿತದ ತಿದ್ದುಪಡಿಗೆ ಅಡ್ಡಿಯಿಲ್ಲ. ಹೊಸಬರಿಗೆ ಬಾಗಿಲು ಮುಚ್ಚಿದ್ದಾರೆ ಎಂದು ಕೆಲವರು ಇದನ್ನು ದೂರುತ್ತಾರೆ. ದೂರು ಪೂರ್ತಿ ಸುಳ್ಳಲ್ಲ, ಸುಲಭದ ಮೊದಲ ಮೆಟ್ಟಿಲು ಹೋಯಿತು ನಿಜ. ಆದರೆ ಸಾಲುಗಳನ್ನು ಸುಮ್ಮನೆ ಅಲುಗಾಡಿಸಿದಷ್ಟೂ ಹಳೆಯ ಸ್ಥಿರ ಆವೃತ್ತಿಗಳಿಗೆ ಮುಂದಿನ ಪರಿಹಾರಗಳನ್ನು ಒಯ್ಯುವುದು ಕಷ್ಟವಾಗುತ್ತದೆ, ಪರಿಶೀಲಕರ ಸಮಯವೂ ಸೋರುತ್ತದೆ. ಕೈಯಲ್ಲಿರುವ ಕಾರ್ಡಿನ ಒಂದು ದೋಷವನ್ನು ಕಾರಣಸಹಿತ ಬರೆದ ಹೊಸಬರು ಡ್ರೈವರನ್ನು ಕಲಿಯುತ್ತಾರೆ. ಎಚ್ಚರಿಕೆ ಅಳಿಸಿದವರು ಚೆಕ್‌ಪ್ಯಾಚನ್ನು.

ಕಾರಣ ಬರೆಯುವುದರ ಲಾಭಕ್ಕೆ, ಕಾರ್ಡಿನ ಸರದಿಯಲ್ಲಿ ಕಾಯುವ ಬೈಟುಗಳಿಗೆ ಮಿತಿ ಹಾಕಲು 2012ರ ಲಿನಕ್ಸ್ 3.3ರಲ್ಲಿ ಬಂದ ಬೈಟ್ ಕ್ಯೂ ಲಿಮಿಟ್ಸ್ ನೋಡಿ. ಡ್ರೈವರಿನಲ್ಲಿ ಬೇಕಾದದ್ದು ಮುಖ್ಯವಾಗಿ ಮೂರು ಕರೆ: ಕಾರ್ಡಿಗೆ ಕೊಟ್ಟ ಬೈಟು, ಹೋಗಿ ಮುಗಿದ ಬೈಟು, ರಿಂಗ್ ಖಾಲಿಯಾದಾಗ ಲೆಕ್ಕ ಸೊನ್ನೆ. ಸರದಿ ಅನಗತ್ಯವಾಗಿ ಬೆಳೆಯದೆ ವಿಳಂಬ ಇಳಿಯುತ್ತದೆ. ಮೂರನೆಯದನ್ನು ಮರೆತರೆ, ಎಂದೂ ಮುಗಿಯದ ಬೈಟುಗಳಿಗೆ ಕಾಯುತ್ತ ಸರದಿ ನಿಂತುಬಿಡಬಹುದು. ಕೊಟ್ಟದ್ದಕ್ಕಿಂತ ಹೆಚ್ಚು ಮುಗಿಯಿತೆಂದು ಲೆಕ್ಕ ಹೋದರೆ ಕರ್ನೆಲ್ಲೇ ಕುಸಿಯುವಂತೆ ಅಲ್ಲಿ ತಪಾಸಣೆ ಇಟ್ಟಿದ್ದಾರೆ. ಚೆಕ್‌ಪ್ಯಾಚ್‌ಗೆ ಇದ್ಯಾವುದೂ ಕಾಣದು. ರಿಂಗ್ ಎಲ್ಲೆಲ್ಲಿ ಖಾಲಿಯಾಗುತ್ತದೆ ಎಂದು ವಿವರಣೆಯಲ್ಲಿ ಬರೆಯಲು ಕೂತವರಿಗೆ, ಬಿಟ್ಟುಹೋದ ಕರೆ ಪ್ಯಾಚು ಕಳುಹಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ.