ಕೆಸರಿನ ಆಚೆಗೆ ಹೊಯಿಗೆ

ಶನಿವಾರ ಮಲ್ಪೆಯ ದಕ್ಕೆಯಲ್ಲಿ ಟ್ರಾಲ್ ಬಲೆಗೆ ಅಂಟಿದ್ದ ಬೂದು ಕೆಸರನ್ನು ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ನೋಡಿದೆ. ಕರಕರ ಎನ್ನಲಿಲ್ಲ, ಬೆಣ್ಣೆಯಂತೆ ಜಾರಿತು. ಅಪ್ಪಟ ಜೇಡಿ.

ಆ ಜೇಡಿ ಕಡಲಲ್ಲಿ ಹುಟ್ಟಿದ್ದಲ್ಲ. ಘಟ್ಟದ ಕಲ್ಲು, ಕಾರ್ಕಳದ ಮುರಕಲ್ಲು ಮಳೆಗೆ ಕೊಳೆತು ಕಯೋಲಿನೈಟ್ ಎಂಬ ಜೇಡಿಯಾಗಿ ಸ್ವರ್ಣಾ, ಸೀತಾ ನದಿಗಳಲ್ಲಿ ಇಳಿದು ಬರುತ್ತದೆ. ಗೋವೆಯಿಂದ ಬಡಗಲಿಗೆ ಹೋದರೆ ದಖ್ಖನ್ ಬಸಾಲ್ಟಿನಿಂದ ಬಂದ ಸ್ಮೆಕ್ಟೈಟ್ ಎಂಬ ಇನ್ನೊಂದು ಜೇಡಿಯ ರಾಜ್ಯ.

ಇಲ್ಲಿ ನನ್ನ ಹಳೆಯ ಜಗಳ ಶುರುವಾಗುತ್ತದೆ. ದಡದಲ್ಲಿ ಮರಳು, ಆಳಕ್ಕೆ ಹೋದಷ್ಟೂ ಕಣ ಸಣ್ಣ ಎಂದು ಪಠ್ಯಪುಸ್ತಕಗಳು ಕಲಿಸುತ್ತಲೇ ಬಂದಿವೆ. 1851ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಲೋಲಕಗಳ ಬಗ್ಗೆ ಬರೆದ ಪ್ರಬಂಧದಿಂದ ಬಂದ ಸೂತ್ರ ಇದಕ್ಕೆ ಆಧಾರ: ನಿಶ್ಚಲ ನೀರಿನಲ್ಲಿ 0.1 ಮಿ.ಮೀ. ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ, 0.002 ಮಿ.ಮೀ. ಜೇಡಿಕಣಕ್ಕೆ 3 ದಿನ. ಸೂತ್ರ ಸರಿ. ಆದರೆ ಅಳಿವೆಯಲ್ಲಿ ಉಪ್ಪುನೀರು ತಾಗಿದೊಡನೆ ಜೇಡಿಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ತಳ ಸೇರುತ್ತವೆ.

ಹಾಗಾಗಿ ನಮ್ಮ ಕರಾವಳಿಯಾಚೆ ಸುಮಾರು 50-60 ಮೀಟರ್ ಆಳದವರೆಗೆ ಕೆಸರು. ಅದರಾಚೆ ಮತ್ತೆ ಹೊಯಿಗೆ (ಮರಳು), ಚಿಪ್ಪು, ಸುಣ್ಣದ ಕಣಗಳು! ದೋಣಿ ನಡೆಸುವ ತಾಂಡೇಲರ ಬಳಿಯಿರುವ, ಪ್ರತಿಧ್ವನಿಯಿಂದ ಮೀನು ಹುಡುಕುವ ಫಿಶ್ ಫೈಂಡರ್‌ಗೂ ಇದು ಗೊತ್ತಾಗುತ್ತದೆ. ಮೆತ್ತನೆಯ ಕೆಸರಿನ ಗಾತ್ರದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರಬಹುದು, ಪ್ರತಿಧ್ವನಿ ಮಂಕು. ಹೊಯಿಗೆಯ ತಳ ಪರದೆಯ ಮೇಲೆ ಗಟ್ಟಿಯಾಗಿ ಮೂಡುತ್ತದೆ.

ದೂರದ ಆ ಹೊಯಿಗೆ ಎಲ್ಲಿಂದ ಬಂತು? ನಾನು ಮತ್ತೆ ಮತ್ತೆ ತೆರೆಯುವುದು ಕಡಲ ಭೂವಿಜ್ಞಾನಿ ಕೆ. ಒ. ಎಮರಿ 1968ರಲ್ಲಿ ಬರೆದ ಲೇಖನವನ್ನು. ಜಗತ್ತಿನ ಖಂಡದಂಚುಗಳ ಸುಮಾರು 70% ಪ್ರದೇಶವನ್ನು ಹೊದ್ದಿರುವುದು ಇಂದಿನ ನದಿಗಳು ತಂದ ಹೂಳಲ್ಲ, ಹಿಂದಿನ ಕಾಲದ ಉಳಿಕೆ ಎಂದರು ಅವರು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಕಾಪು ದೀಪಸ್ತಂಭದ ಪಾದೆಯಿಂದ ಪಡುವಣಕ್ಕೆ ಮೈಲುಗಟ್ಟಲೆ ಒಣನೆಲ. ಇಂದಿನ ಆ ಹೊಯಿಗೆ ಅಂದಿನ ಕಡಲದಂಡೆ. ಕಡಲು ಏರುತ್ತ ಅದನ್ನು ಅಲ್ಲೇ ಬಿಟ್ಟು ಬಂತು.

ಈ ಮಾತು ಈಗೇಕೆಂದರೆ, 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕೇರಳದ ಕಡಲತಳದ ಕಟ್ಟಡ ಮರಳಿನ 3 ಬ್ಲಾಕುಗಳನ್ನು ಹರಾಜಿಗೆ ಕರೆಯಿತು. ನಾಳೆ ನಮ್ಮ ಕಡಲಿನ ಸರದಿ ಬಂದರೆ ಓದುಗರು ಇದನ್ನು ನೆನಪಿಟ್ಟು ಮಾತಾಡಬೇಕು: ನದಿಯ ಮರಳನ್ನು ಮುಂದಿನ ಮಳೆಗಾಲ ಒಂದಷ್ಟಾದರೂ ತುಂಬಿಕೊಡುತ್ತದೆ. ಈ ಹೊಯಿಗೆಯನ್ನು ತಂದುಕೊಡಲು ಸ್ವರ್ಣೆಯ ನೀರು ಅಲ್ಲಿಯವರೆಗೆ ಹೋಗುವುದಿಲ್ಲ.