ಬಳ್ಳಿ ಒಯ್ಯಬಹುದು, ಮಳೆ ಒಯ್ಯಲಾಗದು

ಊರಿಂದ ನೆಂಟರು ಬಂದರೆ ನಾನು ಅವರನ್ನು ಕರಕೊಂಡು ಹೋಗುವುದು ಫೋರ್ಟ್ ಕೊಚ್ಚಿಗೆ. ಚೀನೀ ಬಲೆಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದರೆ ಕೇರಳ ತೋರಿಸಿದ ಹಾಗಾಯಿತು. ನಾವಿರುವ ಪಾಲಾರಿವಟ್ಟಂನ ಫೋಟೊ ಮಾತ್ರ ಯಾರೂ ತೆಗೆಯುವುದಿಲ್ಲ. ಅಲ್ಲೇನಿದೆ? ಮೆಟ್ರೊ ಕಂಬಗಳು, ಅಂಗಡಿಗಳು, 2016ರಲ್ಲಿ ತೆರೆದು 2019ರಲ್ಲಿ ಮುಚ್ಚಿ, ದುರಸ್ತಿಯಾಗಿ 2021ರಲ್ಲಿ ಮತ್ತೆ ತೆರೆದ ಮೇಲ್ಸೇತುವೆ. "ಇಷ್ಟು ವರ್ಷ ಇದ್ದೂ ನಿಮ್ಮ ಬೀದಿದು ಒಂದು ಫೋಟೊ ಇಲ್ವಾ ಭಾವ?" ಎಂದು ನಾದಿನಿ ಕೇಳಿದಳು. ಆಲ್ಬಮ್ ಪೂರ್ತಿ ಹುಡುಕಿದೆ, ಇರಲಿಲ್ಲ.

ಆ ಪ್ರಶ್ನೆ ತಲೆಯಲ್ಲಿದ್ದಾಗಲೇ ವಿಕ್ಟರ್ ಜಾರ್ಜ್ ಅವರ ಮಳೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಇವರು ಮಲಯಾಳ ಮನೋರಮಾ ಪತ್ರಿಕೆಯ ಛಾಯಾಗ್ರಾಹಕರು, ಕೋಟ್ಟಯಂ ಕಡೆಯವರು. ಹಲವು ಮಳೆಗಾಲ ಮಳೆಯ ಹಿಂದೆಯೇ ಅಲೆದರು. 2001ರ ಜುಲೈ 9ರಂದು ಇಡುಕ್ಕಿ ಜಿಲ್ಲೆಯ ವೆಣ್ಣಿಯಾನಿ ಎಂಬಲ್ಲಿ ಗುಡ್ಡ ಕುಸಿತದ ಚಿತ್ರ ತೆಗೆಯಲು ಹೋದವರು ಇನ್ನೊಂದು ಕುಸಿತದಲ್ಲಿ ಸಿಕ್ಕಿ ತೀರಿಕೊಂಡರು. 'ಇಟ್ಸ್ ರೈನಿಂಗ್' ಎಂಬ ಅವರ ಮಳೆಚಿತ್ರಗಳ ಪುಸ್ತಕ ಬಂದದ್ದು ಆಮೇಲೆ.

ಪ್ರವಾಸಿ ಛಾಯಾಗ್ರಾಹಕ ಮಳೆ ಬಂದರೆ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಾನೆ. ಬೆಟ್ಟ ಕಾಣುವುದಿಲ್ಲ, ಹಿನ್ನೀರು ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳಕು ಸಾಲುವುದಿಲ್ಲ. ವಿಕ್ಟರ್ ಹೊರಗೆ ಹೊರಡುತ್ತಿದ್ದದ್ದೇ ಆಗ. ಎಲ್ಲರೂ ನೋಡುವ ಕಡೆ ನೋಡದಿರುವುದು ಅವರ ಸ್ವಭಾವ. ಈಜುಗಾರ್ತಿ ಅನಿತಾ ಸೂದ್ ಕೊಳದಲ್ಲಿ ಈಜುತ್ತಿದ್ದಾಗ ಇವರ ಕ್ಯಾಮೆರಾ ತಿರುಗಿದ್ದು ದಡದಲ್ಲಿ ಮಗಳನ್ನು ಹುರಿದುಂಬಿಸುತ್ತಿದ್ದ ತಾಯಿಯ ಕಡೆಗೆ. ಅವರಿಗೆ ಹೆಸರು ತಂದ ಚಿತ್ರಗಳಲ್ಲಿ ಅದೂ ಒಂದು.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ನೆನಪಾಗುತ್ತಾರೆ. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ಸುತ್ತಾಡಿದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಎಲ್ಲಿಗೆ ಹೋದರೂ ಊರನ್ನು ಮನುಷ್ಯರ ಮುಖದಲ್ಲಿ ಹುಡುಕಿದರು. ವಿಕ್ಟರ್ ತನ್ನ ನಾಡಿನಲ್ಲೇ ಇದ್ದು ಅದನ್ನು ಹವೆಯಲ್ಲಿ ಹುಡುಕಿದರು. ಇಬ್ಬರಿಗೂ 'ನೋಡತಕ್ಕ ಸ್ಥಳ'ಗಳ ಪಟ್ಟಿ ಬೇಕಾಗಲಿಲ್ಲ.

ಕೇರಳದಲ್ಲಿ ಒಂದು ಕತೆ ಇದೆ. ಪೋರ್ಚುಗೀಸರು ಮೆಣಸಿನ ಬಳ್ಳಿಯನ್ನು ತಮ್ಮ ದೇಶಕ್ಕೆ ಒಯ್ಯುತ್ತಿದ್ದಾರೆ ಎಂದು ಕೆಲವರು ಸಾಮೂದಿರಿ ರಾಜನಲ್ಲಿ ದೂರಿದರಂತೆ. ಬಳ್ಳಿ ಒಯ್ಯಲಿ, ನಮ್ಮ ತಿರುವಾದಿರ ಞಾಟ್ಟುವೇಲವನ್ನು ಒಯ್ಯಲಾಗದಲ್ಲ ಎಂಬುದು ಅರಮನೆಯ ಉತ್ತರ. ಞಾಟ್ಟುವೇಲ ಅಂದರೆ ನಮ್ಮ ಮಳೆನಕ್ಷತ್ರವೇ; ತಿರುವಾದಿರ ಎಂದರೆ ಆರಿದ್ರಾ. ಮೆಣಸು ನೆಡುವ ಕಾಲ ಅದು. ಪ್ರವಾಸದ ಫೋಟೊ ಎಷ್ಟೇ ಚೆನ್ನಾಗಿರಲಿ, ಒಯ್ಯುವುದು ಬಳ್ಳಿಯನ್ನು ಮಾತ್ರ. ವಿಕ್ಟರ್ ಞಾಟ್ಟುವೇಲವನ್ನೇ ಹಿಡಿಯಹೊರಟರು. ನನ್ನ ಲೆಕ್ಕದಲ್ಲಿ ಅವರ ಹೆಚ್ಚುಗಾರಿಕೆ ಇರುವುದು ಅಲ್ಲಿ.

ಆದರೆ ಒಂದು ತಕರಾರು ಉಂಟು. ಜಮೆ ಮಾತ್ರ ತೋರಿಸಿ ಖರ್ಚು ಮುಚ್ಚಿಟ್ಟರೆ ಆಡಿಟರ್ ಬಿಡುವುದಿಲ್ಲ. ಮಳೆಯ ಸೊಬಗಿನ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. 2018ರ ಆಗಸ್ಟಿನ ಪ್ರವಾಹದಲ್ಲಿ ಕೇರಳದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು; ಕೊಚ್ಚಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣುಪಾಲಾದವು. ಇದೆಲ್ಲ ಆದಮೇಲೆ ಮಳೆಯ ಚಿತ್ರವನ್ನು 'ಆಹಾ' ಎಂದು ನೋಡುವುದು ಹೇಗೆ? 2018ರಲ್ಲಿ ನಮ್ಮ ಮನೆಗೆ ನೀರು ಬರಲಿಲ್ಲ. ಆದರೂ ಪುಸ್ತಕವನ್ನು ಬಹಳ ದಿನ ತೆರೆಯಲು ಮನಸ್ಸಾಗಲಿಲ್ಲ.

ಮತ್ತೆ ತೆರೆದಾಗ ಹೊಳೆದದ್ದು ಇಷ್ಟು. ಸೊಬಗು ತೋರಿಸಿದವನೇ ಅದರ ಖರ್ಚನ್ನೂ ತೆತ್ತಿದ್ದಾನೆ. ಜುಲೈ 9 ಅಂದರೆ ಪುನರ್ವಸು ಮಳೆಯ ದಿನಗಳು. ಆ ತಾರೀಖು ತಿಳಿದಮೇಲೆ ಆ ಪುಟಗಳಲ್ಲಿನ ಮಳೆ ಬರೀ ಚಂದವಾಗಿ ಕಾಣುವುದಿಲ್ಲ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಮಲೆನಾಡಿನಲ್ಲಿ ನಮ್ಮ ಅಜ್ಜಂದಿರು ಮಳೆಯನ್ನು ನೋಡುತ್ತಿದ್ದದ್ದೂ ಹಾಗೆಯೇ: ಬಾರದಿದ್ದರೆ ಚಿಂತೆ, ಬಂದರೆ ಭಯ. ಬೆಳೆದ ಊರಿನವರು ಮಳೆಯನ್ನು ನೋಡುವ ಬಗೆ ಅದು. ಚೀನೀ ಬಲೆಯ ಮುಂದೆ ನಿಂತ ನನ್ನ ಫೋಟೊಗಳಲ್ಲಿ ಭಯವೂ ಇಲ್ಲ, ಚಿಂತೆಯೂ ಇಲ್ಲ. ಅಂದರೆ ಇಷ್ಟು ವರ್ಷ ನಾನು ಇಲ್ಲಿ ಬರೀ ನೆಂಟನಾಗಿದ್ದೆ.

ಕಳೆದ ಆರಿದ್ರಾದಲ್ಲಿ ಬಾಲ್ಕನಿಯಿಂದ ನಮ್ಮ ಬೀದಿಯ ಒಂದು ಫೋಟೊ ತೆಗೆದೆ. ಮೊಣಕಾಲು ಮಟ್ಟ ನೀರು, ಆಟೊ ತಳ್ಳುವ ಇಬ್ಬರು, ಕೊಡೆ ಹಿಡಿದೂ ನೆನೆದ ಎದುರುಮನೆ ಟೀಚರ್. ಫೋಟೊ ಮಸುಕಾಗಿದೆ. ನಾದಿನಿಗೆ ಕಳಿಸಿದೆ. "ಜೋರು ಮಳೆಯಾ ಭಾವ, ಜಾಗ್ರತೆ" ಅಂತ ಬರೆದಳು. ಚೀನೀ ಬಲೆಯ ಫೋಟೊ ಕಳಿಸಿದಾಗ ಒಮ್ಮೆಯೂ ಹಾಗೆ ಬರೆದಿರಲಿಲ್ಲ.