ಹಿನ್ನೆಲೆ ಕಳೆದುಕೊಂಡ ಕಳ್ಳಿಪೀರ

ಬೆಂಗಳೂರಿನ ಹಕ್ಕಿ ಛಾಯಾಗ್ರಹಣಕ್ಕೆ ಇವತ್ತು ಇರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಹೀಗೆ ಬರೆಯಲು ನನಗೆ ಸಂತೋಷವಿಲ್ಲ. ವಿಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಕ್ಯಾಮೆರಾ ಪಾಠ ಹೇಳುತ್ತ ಬಂದವನು ನಾನು. ಇಲ್ಲಿ ದೂರುವ ಅಭ್ಯಾಸವನ್ನು ನಾನೂ ಕೆಲವು ವರ್ಷ ಕಲಿಸಿದ್ದೇನೆ.

ವನ್ಯಜೀವಿ ಛಾಯಾಗ್ರಾಹಕರಾದ ಪೆರುಮಾಳ್, ಹನುಮಂತರಾವ್, ಘೋರ್ಪಡೆ ಅವರ ಪರಂಪರೆ, ಸಲಾನು ಎಂಬ ಚಿತ್ರಸ್ಪರ್ಧೆಗಳು, ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಕೊಡುವ ಎಎಫ್‌ಐಎಪಿ, ಇಎಫ್‌ಐಎಪಿ ಪದವಿಗಳು ಓದುಗರಿಗೆ ಗೊತ್ತಿರುವಂಥವೇ. ನನ್ನ ತಕರಾರು ಇರುವುದು ಒಂದೇ ತಂತ್ರದ ಮೇಲೆ. ಅದಕ್ಕೆ ನಮ್ಮ ವಲಯದಲ್ಲಿ 'ಕ್ಲೀನ್ ಬ್ಯಾಕ್‌ಗ್ರೌಂಡ್' ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಬಸವೇಶ್ವರನಗರದ ಒಬ್ಬ ವಿದ್ಯಾರ್ಥಿನಿ ಒಂದು ಚಿತ್ರ ತಂದಳು. ಮುಳ್ಳುಕಡ್ಡಿಯ ಮೇಲೆ ಸಣ್ಣ ಕಳ್ಳಿಪೀರ, ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ಹಸಿರು ರೆಕ್ಕೆಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಹಿಂದೆಲ್ಲ ಒಂದೇ ಹದದ ಕೆಂಗಂದು ಬಣ್ಣ.

"ಬ್ಯಾಕ್‌ಗ್ರೌಂಡ್ ನೋಡಿ ಸರ್, ಬೆಣ್ಣೆ ಥರ ಬಂದಿದೆ."

"ಹಿಂದೆ ಏನಿತ್ತಮ್ಮ?"

"ಏನೂ ಇರಲಿಲ್ಲ ಸರ್." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣಿನ ಗುಡ್ಡೆ ಇತ್ತು. ಪಕ್ಕದಲ್ಲಿ ಒಂದು ಜೆಸಿಬಿ ನಿಂತಿತ್ತು" ಎಂದಳು.

ಚಿತ್ರ ತೆಗೆದದ್ದು ಕೆಂಗೇರಿಯಾಚೆ, ಬಿಡಿಎ ನಿರ್ಮಿಸುತ್ತಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯ ಅಂಚಿನಲ್ಲಿ. ಆ ಕೆಂಗಂದು ಬಣ್ಣವನ್ನು ನಾನು ಒಂದು ವಾರ ತಲೆಯಲ್ಲಿ ಹೊತ್ತು ತಿರುಗಿದೆ. ಕಳ್ಳಿಪೀರ ಮರದಲ್ಲಿ ಗೂಡು ಕಟ್ಟುವುದಿಲ್ಲ. ಸಡಿಲ ಮಣ್ಣಿನ ದಂಡೆ ಕಡಿದು ನಿಂತ ಕಡೆ ಕೊಕ್ಕಿನಿಂದ ಬಿಲ ಕೊರೆದು, ನಾಲ್ಕೈದು ಅಡಿ ಒಳಗೂ ಹೋಗಿ ಮೊಟ್ಟೆಯಿಡುತ್ತದೆ. ಹಿಂದೆ ಹಳ್ಳದ ದಂಡೆ ಕೊಡುತ್ತಿದ್ದ ಆ ಕಡಿದಾದ ಮಣ್ಣಗೋಡೆಯನ್ನು ಇವತ್ತು ಸೈಟಿಗೆ, ಮೋರಿಗೆ ಅಗೆಯುವ ಯಂತ್ರ ಕೊಡುತ್ತಿದೆ. ಮುಂದಿನ ತಿಂಗಳು ಅದೇ ಯಂತ್ರ ಆ ಗೋಡೆಯನ್ನು ಮಟ್ಟ ಮಾಡಲೂಬಹುದು. ಎಂದರೆ ಅವಳು 'ಏನೂ ಇರಲಿಲ್ಲ' ಎಂದ ಜಾಗದಲ್ಲಿ ಹಕ್ಕಿಯ ಮನೆ, ಆ ಮನೆಯ ಕಾರಣ, ಅದಕ್ಕೆ ಬರಲಿರುವ ಅಪಾಯ ಮೂರೂ ಇದ್ದವು. ಚಿತ್ರದಲ್ಲಿ ಉಳಿದದ್ದು ಬಣ್ಣ ಮಾತ್ರ.

ಅದು ಹೇಗೆ ಅಳಿಸಿಹೋಯಿತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅವಳ ಬಳಿ ಇದ್ದದ್ದು ಫುಲ್‌ಫ್ರೇಮ್ ಕ್ಯಾಮೆರಾ, 200–600 ಮಿ.ಮೀ. ಝೂಮ್, ಅದರ ತುದಿಯಲ್ಲಿ ಎಫ್/6.3. ಹಕ್ಕಿ 10 ಮೀಟರ್ ದೂರದಲ್ಲಿ, ಮಣ್ಣಿನ ಗುಡ್ಡೆ 30 ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. 600 ಮಿ.ಮೀ.ಗೆ ಹಕ್ಕಿ ಕೂತಲ್ಲಿ ಕಾಣುವ ಅಗಲ ಬರೀ 60 ಸೆಂ.ಮೀ. ಗುಡ್ಡೆಯ ಹತ್ತಿರ 180 ಸೆಂ.ಮೀ., ಒಂದು ಆಳುದ್ದ. ಅಷ್ಟರಲ್ಲಿ ಜೆಸಿಬಿಯ ಒಂದು ಚಕ್ರ ಹಿಡಿಸೀತು, ಜೆಸಿಬಿ ಹಿಡಿಸುವುದಿಲ್ಲ. ಇನ್ನು ಮಸುಕಿನ ಮಾತು. ಲೆನ್ಸಿನ ಕಂಡಿಯ ವ್ಯಾಸ 95 ಮಿ.ಮೀ. ಹಿಂದಿನ ಒಂದೊಂದು ಚುಕ್ಕೆಯೂ ಹಕ್ಕಿಯ ಅಳತೆಯಲ್ಲಿ 63 ಮಿ.ಮೀ. ಅಗಲದ ಬಿಲ್ಲೆಯಾಗಿ ಹರಡುತ್ತದೆ. ಕಳ್ಳಿಪೀರವೇ ಬಾಲದ ತಂತಿ ಬಿಟ್ಟರೆ 16–18 ಸೆಂ.ಮೀ. ಉದ್ದದ್ದು. ಚಿತ್ರದ ಅಗಲದ ಹತ್ತನೆಯ ಒಂದು ಭಾಗದಷ್ಟು ದೊಡ್ಡ ಕುಂಚದಿಂದ ಗುಡ್ಡೆಯನ್ನು ಬಳಿದ ಹಾಗಾಯಿತು. ಬಿಲದ ಬಾಯಿ ಎಲ್ಲಿ ಉಳಿಯಬೇಕು?

ಅದೇ ಲೆನ್ಸು, ಅದೇ ಜಾಗ. ಝೂಮನ್ನು 200 ಮಿ.ಮೀ.ಗೆ ಇಳಿಸಿ, ಎಫ್/11 ಇಡಲಿ. ಹಕ್ಕಿಯ ಬಳಿ 180 ಸೆಂ.ಮೀ. ಅಗಲ, ಗುಡ್ಡೆಯ ಬಳಿ 540. ಕಂಡಿ 18 ಮಿ.ಮೀ., ಬಿಲ್ಲೆ 12 ಮಿ.ಮೀ., ಅಂದರೆ ಚಿತ್ರದ ಅಗಲದಲ್ಲಿ ನೂರಕ್ಕೆ ಒಂದಕ್ಕೂ ಕಡಿಮೆ. ಹಕ್ಕಿ ಸಣ್ಣದಾಗುತ್ತದೆ, ನಿಜ. ಆದರೆ ಗುಡ್ಡೆ ಗುಡ್ಡೆಯಾಗಿ ಕಾಣುತ್ತದೆ, ಯಂತ್ರದ ಹಲ್ಲು ಗೆರೆ ಎಳೆದ ಗುರುತೂ ಕಾಣುತ್ತದೆ. ಹೊಸ ಕ್ಯಾಮೆರಾ ಬೇಡ, ಬೆರಳಿನಿಂದ ಒಂದು ಉಂಗುರ ತಿರುಗಿಸಿ, ಕಂಡಿ ಕಿರಿದು ಮಾಡಿದರೆ ಸಾಕು. ನಮ್ಮ ವಾರಾಂತ್ಯದ ಕಾರ್ಯಾಗಾರಗಳಲ್ಲಿ ಆ ಉಂಗುರವನ್ನು ಒಂದೇ ದಿಕ್ಕಿಗೆ ತಿರುಗಿಸಲು ಕಲಿಸುತ್ತಾರೆ. ಸಾಲ ಮಾಡಿ ಇನ್ನೂ ಉದ್ದದ, ಇನ್ನೂ ಅಗಲದ ಲೆನ್ಸು ಕೊಳ್ಳುವ ಹುಡುಗರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಷ್ಟು ಹಣಕ್ಕೆ ಅವರು ಕೊಳ್ಳುತ್ತಿರುವುದು ಕಡಿಮೆ ಕಾಣುವ ಶಕ್ತಿಯನ್ನು.

ಇದೆಲ್ಲ ಡಿಜಿಟಲ್ ತಂದ ಕೇಡು, ಫಿಲ್ಮಿನ ಕಾಲದಲ್ಲಿ ಹೀಗಿರಲಿಲ್ಲ ಎಂದು ಬರೆಯುವ ಹಿರಿಯ ವಿಮರ್ಶಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಗೂಡಿನ ಎದುರು ಮರೆ ಕಟ್ಟಿ ಫ್ಲ್ಯಾಶ್ ಹಚ್ಚುತ್ತಿದ್ದ ಕಾಲದಲ್ಲಿ ಎರಡು ಮೀಟರ್ ದೂರದ ಹಕ್ಕಿಗೆ ಬಿದ್ದ ಬೆಳಕಿನ ಹದಿನಾರನೆಯ ಒಂದು ಪಾಲು ಮಾತ್ರ ಎಂಟು ಮೀಟರ್ ಆಚೆಯ ಮರಕ್ಕೆ ತಲುಪುತ್ತಿತ್ತು. ಹಾಗಾಗಿ ಹಾಡಹಗಲಲ್ಲೂ ಹಕ್ಕಿಯ ಹಿಂದೆ ಕಪ್ಪು. ಆಗ ಕಪ್ಪು ಅಳಿಸಿತು, ಈಗ ಬೆಣ್ಣೆ ಅಳಿಸುತ್ತಿದೆ. 36 ಚಿತ್ರದ ರೋಲಿನಲ್ಲಿ ತಾಳ್ಮೆ ಹೆಚ್ಚಿತ್ತು ಎಂಬುದು ಸರಿ. ನೋಟವೂ ಆಳವಾಗಿತ್ತು ಎಂಬುದಕ್ಕೆ ಅಷ್ಟೇ ಸಾಕ್ಷಿಯಾಗುವುದಿಲ್ಲ.

ಇನ್ನೊಂದು ಗುಂಪಿನೊಡನೆ ನನ್ನ ಜಗಳ ಇದಕ್ಕಿಂತ ದೊಡ್ಡದು. ನಿಸರ್ಗದ ಚಿತ್ರ ದಾಖಲೆ, ಅದನ್ನು ಕಲೆಯ ಹಾಗೆ ವಿಮರ್ಶೆ ಮಾಡಬಾರದು, ಸ್ಪರ್ಧೆಗೆ ನಿಯಮಗಳಿವೆ ಎನ್ನುವವರು ಇವರು. ನಿಯಮವನ್ನೇ ಓದೋಣ. ಪಿಎಸ್‌ಎ, ಎಫ್‌ಐಎಪಿ, ಆರ್‌ಪಿಎಸ್ ಎಂಬ ಮೂರೂ ಛಾಯಾಗ್ರಹಣ ಸಂಸ್ಥೆಗಳು ಸೇರಿ ಒಪ್ಪಿಕೊಂಡಿದ್ದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯು ಚಿತ್ರ ಹೇಳುವ ಕಥೆಗೆ ಅದರ ಚಂದಕ್ಕಿಂತ ಹೆಚ್ಚು ತೂಕ ಕೊಡಬೇಕು ಎನ್ನುತ್ತಿತ್ತು. ಮನುಷ್ಯ ನಿರ್ಮಿತ ವಸ್ತುಗಳು ಬರಬಾರದು ಎನ್ನುತ್ತಿತ್ತು, ಹೌದು. ಆದರೆ ಅವು ಆ ಜೀವಿಯ ಕಥೆಯ ಭಾಗವೇ ಆಗಿದ್ದರೆ ಬರಬಹುದು ಎಂದೂ ಸೇರಿಸಿ, ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಕಣಜದ ಗೂಬೆ, ಕೊಕ್ಕರೆಗಳ ಉದಾಹರಣೆ ಕೊಡುತ್ತಿತ್ತು. ನಮ್ಮ ಕಳ್ಳಿಪೀರಕ್ಕೂ ಜೆಸಿಬಿಗೂ ಇದಕ್ಕಿಂತ ಸ್ಪಷ್ಟವಾದ ಅನುಮತಿ ಬೇಕಿತ್ತೇ? ನಿಯಮ ಬಾಗಿಲು ತೆರೆದಿಟ್ಟಿತ್ತು. ಮುಚ್ಚಿದ್ದು ತೀರ್ಪುಗಾರರ ರೂಢಿ. ಪರದೆಯ ಮೇಲೆ ಕೆಲವೇ ಸೆಕೆಂಡು ಬಂದುಹೋಗುವ ಚಿತ್ರಕ್ಕೆ ಗುಂಡಿ ಒತ್ತಿ ಅಂಕ ಕೊಡುವಾಗ ಕಣ್ಣು ಮೊದಲು ಹಿಡಿಯುವುದು ಒಂಟಿ ಹಕ್ಕಿಯನ್ನು, ಖಾಲಿ ಬಣ್ಣವನ್ನು. ಕಥೆ ಓದಲು ಆ ಸೆಕೆಂಡುಗಳು ಸಾಲುವುದಿಲ್ಲ.

ಖಾಲಿ ಹಿನ್ನೆಲೆಗೂ ಒಂದು ಉಪಯೋಗವಿದೆ. ಗುರುತಿಸುವ ಕೈಪಿಡಿಗೆ ಅದು ಬೇಕು. 1941ರಲ್ಲಿ ಬಂದ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕದ ವರ್ಣಚಿತ್ರಗಳು ಹಕ್ಕಿಯನ್ನು ಗುರುತಿಸಲಿಕ್ಕಾಗಿಯೇ ಇರುವಂಥವು. ಆದರೆ ಕೈಪಿಡಿಗೆ ಒಂದು ಹಕ್ಕಿಯ ಒಂದೆರಡು ಚಿತ್ರ ಸಾಕು, ಪ್ರತಿ ಭಾನುವಾರ ಸಾವಿರಾರು ಬೇಡ.

ಕನ್ನಡದಲ್ಲಿ ಈ ವಿಷಯಕ್ಕೆ ನಮಗೆ ಗುರುಗಳಿಲ್ಲದೆ ಇಲ್ಲ. ತೇಜಸ್ವಿ ಮೂಡಿಗೆರೆಯಲ್ಲಿ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಅದನ್ನು ದೊಡ್ಡ ಲೇಖಕನ ಹವ್ಯಾಸ ಎಂದು ಒಂದು ಸಾಲಿನಲ್ಲಿ ಮುಗಿಸುವ ನಮ್ಮ ಸಾಹಿತ್ಯ ವಿಮರ್ಶೆ, ಬರೆದ ಕಣ್ಣೂ ಚಿತ್ರ ತೆಗೆದ ಕಣ್ಣೂ ಒಂದೇ ಎಂಬುದನ್ನು ಮರೆಯುತ್ತದೆ. 'ಪರಿಸರದ ಕತೆ'ಯಲ್ಲಿ ಹಕ್ಕಿ ಒಂಟಿಯಾಗಿ ಬರುವುದುಂಟೇ? 'ಕಿವಿ' ಎಂಬ ನಾಯಿ ಬರುತ್ತದೆ, ಮಾರ ಬರುತ್ತಾನೆ, ಪ್ಯಾರ ಬರುತ್ತಾನೆ, ತೋಟ, ಕೆರೆ, ಮಳೆ ಎಲ್ಲ ಬರುತ್ತವೆ. ಅವನ್ನೆಲ್ಲ ಅಳಿಸಿ ಹಕ್ಕಿಯನ್ನಷ್ಟೇ ಉಳಿಸಿದರೆ ಆ ಪುಸ್ತಕವೇ ಇರುವುದಿಲ್ಲ. ಸಂಡೂರಿನ ಘೋರ್ಪಡೆಯವರು 1983ರಲ್ಲಿ ತಂದ ಕಪ್ಪು-ಬಿಳುಪಿನ ಕಾಡಿನ ದಿನಚರಿಗೆ ಪ್ರಾಣಿಯ ಹೆಸರಿಡಲಿಲ್ಲ, 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂದು ಬಿಸಿಲು-ನೆರಳಿನ ಹೆಸರಿಟ್ಟರು. ಆ ಹೆಸರೊಂದೇ ಒಂದು ಪಾಠದಷ್ಟಿದೆ. ಮನುಷ್ಯರ ಕಡೆ ತಿರುಗಿದರೆ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದ್ದಾರೆ. 1979ರಲ್ಲಿ ವಿಶ್ವಸಂಸ್ಥೆಯವರೆಗೂ ಹೋದ, ಮಕ್ಕಳ ಕುರಿತ ಅವರ ಚಿತ್ರಗಳನ್ನು ನೆನೆಯುವಾಗ ನನಗೆ ಆ ಮಕ್ಕಳ ಬೀದಿ, ಮನೆಗಳೂ ಜೊತೆಯಲ್ಲೇ ನೆನಪಾಗುತ್ತವೆ.

ನಾನು ಪಾಠದ ಕ್ರಮ ಬದಲಿಸಿದ್ದೇನೆ. ಮೊದಲ ಆರು ಭಾನುವಾರ 200 ಮಿ.ಮೀ.ಗಿಂತ ಉದ್ದದ ಲೆನ್ಸು ಮುಟ್ಟುವಂತಿಲ್ಲ. ತೆಗೆದ ಪ್ರತಿ ಚಿತ್ರದ ಹಿಂದೆ ಏನಿತ್ತೆಂದು ಪುಸ್ತಕದಲ್ಲಿ ಬರೆದು ತರಬೇಕು. ಇದರಿಂದ ಕೆಲವರು ಬಿಟ್ಟುಹೋದರು, ಅವರ ಬೇಸರ ನನಗೆ ಅರ್ಥವಾಗುತ್ತದೆ.

ಆ ವಿದ್ಯಾರ್ಥಿನಿ ಉಳಿದಳು. ಅದೇ ಜಾಗಕ್ಕೆ ನಾಲ್ಕು ಸಲ ಹೋಗಿ ಇನ್ನೊಂದು ಚಿತ್ರ ತಂದಳು. ಕಳ್ಳಿಪೀರ ಹೆಬ್ಬೆರಳ ಉಗುರಿನಷ್ಟು, ಹಿಂದೆ ಕಡಿದ ಮಣ್ಣಗೋಡೆ, ಬಲಕ್ಕೆ ಎತ್ತಿ ನಿಲ್ಲಿಸಿದ ಹಳದಿ ಬಕೆಟ್ಟು. ಸ್ಪರ್ಧೆಯೊಂದಕ್ಕೆ ಕಳಿಸಿದಾಗ ಹಿನ್ನೆಲೆ ಕಣ್ಣಿಗೆ ಅಡ್ಡ ಬರುತ್ತದೆ ಎಂದು ತಿರಸ್ಕರಿಸಿದರು. ನಾವು ಅದನ್ನು ಮಹಡಿಯ ಗೋಡೆಗೆ ಅಂಟಿಸಿಕೊಂಡೆವು. ಮೂರನೆಯ ವಾರ ಅದರ ಮುಂದೆ ನಿಂತು ಚಹಾ ಕುಡಿಯುತ್ತಿದ್ದಾಗ ಅವಳೇ ಎಡಗಡೆಯ ಮೇಲಿನ ಮೂಲೆಗೆ ಬೆರಳಿಟ್ಟು ತೋರಿಸಿದಳು. ಮಣ್ಣಿನಲ್ಲಿ ಎರಡು ಬಿಲ, ಒಂದರ ಬಾಯಲ್ಲಿ ಇನ್ನೊಂದು ಹಕ್ಕಿಯ ತಲೆ.